ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ಸಮ್ಮೋಹನ ಚಿಕಿತ್ಸೆ

ಕೋಪ ಬಂದವನು ಹಲ್ಲು ಕಡಿಯುತ್ತಾನೆ. ಹಗೆ ಸಾಧಿಸುವವನು ಹಲ್ಲು ಮಸೆಯುತ್ತಾನೆ. ಕಷ್ಟದಲ್ಲಿರುವವನು ಹಲ್ಲು ಕಚ್ಚಿ ಸಹಿಸುತ್ತಾನೆ. ಮನಸ್ಸಿನ ಬೇಗೆಗೂ ದವಡೆಯ ಬಿಗಿತಕ್ಕೂ ಇರುವ ನಂಟನ್ನು ನಮ್ಮ ನುಡಿಗಟ್ಟುಗಳು ಎಂದೋ ಗುರುತಿಸಿವೆ. ಆದರೆ ಯಾರ ಮೇಲೂ ಮುನಿಸಿಲ್ಲದೆ, ತಮಗೇ ಅರಿವಿಲ್ಲದೆ, ನಿದ್ರೆಯಲ್ಲಿ ಕಟಕಟನೆ ಹಲ್ಲು ಕಡಿಯುವವರ ಪಾಡೇನು? ಕಡಿಯುವವರಿಗೆ ಸದ್ದು ಕೇಳಿಸದು. ಪಕ್ಕದಲ್ಲಿ ಮಲಗಿದವರಿಗೆ ನಿದ್ರೆ ಬಾರದು.

ವೈದ್ಯರು ಇದನ್ನು ‘ಬ್ರಕ್ಸಿಸಂ’ ಎನ್ನುತ್ತಾರೆ. ಮಕ್ಕಳಲ್ಲಿ ಇದು ಸಾಮಾನ್ಯ. ಜಂತುಹುಳುವೇ ಕಾರಣವೆಂದು ಮನೆಯ ಹಿರಿಯರು ಮದ್ದು ಕುಡಿಸುವುದುಂಟು. ಆದರೆ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತ ಬಂದಂತೆ ಈ ಅಭ್ಯಾಸ ತಾನಾಗಿ ನಿಲ್ಲುತ್ತದೆ. ದೊಡ್ಡವರಲ್ಲಿ ಹಾಗಲ್ಲ. ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುತ್ತದೆ, ಕಪೋಲ ನೋಯುತ್ತದೆ, ತಲೆ ಸಿಡಿಯುತ್ತದೆ. ಹಲ್ಲಿನ ಮೇಲಣ ಗಟ್ಟಿ ಹೊದಿಕೆಯಾದ ಎನಾಮೆಲ್ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ದಂತವೈದ್ಯರು ರಾತ್ರಿ ಹಲ್ಲಿಗೆ ತೊಡಲು ಒಂದು ಕವಚವನ್ನು ಮಾಡಿಕೊಡುತ್ತಾರೆ. ಅದು ಹಲ್ಲನ್ನು ಕಾಯುತ್ತದೆ ನಿಜ. ಆದರೆ ಕಡಿಯುವ ಚಾಳಿಯನ್ನೇ ಬಿಡಿಸಲಾರದು. ಆ ಕೆಲಸಕ್ಕೆ ಸಮ್ಮೋಹನ ಒದಗೀತೆ ಎಂಬುದೇ ಪ್ರಶ್ನೆ.

ವಶೀಕರಣವಲ್ಲ

ಸಮ್ಮೋಹನವೆಂದೊಡನೆ ವಶೀಕರಣ, ಮಾಟ, ರಂಗದ ಮೇಲಿನ ಜಾದೂಗಾರ ಇವೇ ನೆನಪಿಗೆ ಬರುತ್ತವೆ. 1841ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಇಂಥದೇ ಒಂದು ಪ್ರದರ್ಶನವನ್ನು ಕಂಡ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್, ಇದರಲ್ಲಿ ಮಂತ್ರಶಕ್ತಿಯೇನೂ ಇಲ್ಲ, ಇದು ಮನಸ್ಸು ಒಂದೆಡೆ ನೆಲೆನಿಲ್ಲುವುದರ ಫಲವೆಂದು ಕಂಡುಕೊಂಡ. ನಮ್ಮ ದೇಶದಲ್ಲಿಯೂ 1845ರಿಂದ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯ ರೋಗಿಗಳನ್ನು ಇಂಥ ಸ್ಥಿತಿಗೆ ತಂದು ಅನೇಕ ಶಸ್ತ್ರಚಿಕಿತ್ಸೆಗಳನ್ನು ನಡೆಸಿದ.

ಚಿಕಿತ್ಸೆಯ ಬಗೆ ಸರಳವಾದುದು. ರೋಗಿಯು ಆರಾಮವಾಗಿ ಒರಗಿ ಒಂದು ಬಿಂದುವಿನಲ್ಲಿ ದೃಷ್ಟಿ ನೆಡುತ್ತಾನೆ. ಉಸಿರು ನಿಧಾನವಾಗುತ್ತದೆ, ಮೈ ಸಡಿಲವಾಗುತ್ತದೆ. ಆಗ ಚಿಕಿತ್ಸಕನು ಮೆಲುದನಿಯಲ್ಲಿ ಸೂಚನೆ ನೀಡುತ್ತಾನೆ: ‘ತುಟಿ ಮುಚ್ಚಿರಲಿ, ಹಲ್ಲುಗಳು ಬಿಡುವಾಗಿರಲಿ, ಹಲ್ಲಿಗೆ ಹಲ್ಲು ತಾಗಿದೊಡನೆ ದವಡೆ ತಾನೇ ಸಡಿಲಗೊಳ್ಳಲಿ.’ ರೋಗಿಗೆ ಎಚ್ಚರವಿರುತ್ತದೆ, ಮಾತು ಕೇಳಿಸುತ್ತಿರುತ್ತದೆ. ಬೇಡವೆನಿಸಿದರೆ ಎದ್ದು ಹೋಗಲೂಬಹುದು. ಕ್ರಮೇಣ ಈ ಸೂಚನೆಯನ್ನು ಮಲಗುವ ಮುನ್ನ ತನಗೆ ತಾನೇ ಹೇಳಿಕೊಳ್ಳುವುದನ್ನು ಅವನು ಕಲಿಯುತ್ತಾನೆ.

ಫಲವೆಷ್ಟು?

1991ರಲ್ಲಿ ಕ್ಲಾರ್ಕ್ ಮತ್ತು ರೆನಾಲ್ಡ್ಸ್ ಎಂಬ ಸಂಶೋಧಕರು 8 ಜನರ ಮೇಲೆ ನಡೆಸಿದ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ನಿದ್ರೆಯಲ್ಲಿ ದವಡೆಯ ಸ್ನಾಯು ಎಷ್ಟು ಬಿಗಿಯುತ್ತದೆಂಬುದನ್ನು ಚಿಕಿತ್ಸೆಗೆ ಮೊದಲೂ ಅನಂತರವೂ ಯಂತ್ರದಿಂದ ಅಳೆದರು. ಬಿಗಿತ ಗಣನೀಯವಾಗಿ ಇಳಿದಿತ್ತು, ನೋವು ತಗ್ಗಿತ್ತು, ಜೊತೆಯಲ್ಲಿ ಮಲಗುವವರೂ ಸದ್ದು ಕಡಿಮೆಯಾಯಿತೆಂದರು. 4ರಿಂದ 36 ತಿಂಗಳ ಬಳಿಕ ವಿಚಾರಿಸಿದಾಗಲೂ ಅದೇ ಉತ್ತರ. ಸಂತೋಷದ ಸುದ್ದಿಯೇ, ಆದರೆ 8 ಜನರ ಅನುಭವ ಲೋಕದ ಅನುಭವವಾಗದು. ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಇನ್ನೊಂದು ಗುಂಪೂ ಬೇಕಾಗುತ್ತದೆ. ಅಲ್ಲದೆ ಸಮ್ಮೋಹನಕ್ಕೆ ಎಲ್ಲರ ಮನಸ್ಸೂ ಒಂದೇ ಸಮನೆ ಒಲಿಯುವುದಿಲ್ಲ.

ಆದುದರಿಂದ ಮೊದಲ ಹೆಜ್ಜೆ ದಂತವೈದ್ಯರ ಬಳಿಗೇ. ಗೊರಕೆಯೊಡನೆ ನಿದ್ರೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆಗೆ ನೀಡುವ ಕೆಲವು ಔಷಧಗಳು, ಮದ್ಯ, ತಂಬಾಕು, ಅತಿಯಾದ ಕಾಫಿ ಇವುಗಳಿಗೂ ಹಲ್ಲು ಕಡಿಯುವುದಕ್ಕೂ ಸಂಬಂಧವುಂಟು. ಇವನ್ನು ಪರೀಕ್ಷಿಸಿದ ಮೇಲೆ, ತರಬೇತಿ ಪಡೆದ ಮನೋವೈದ್ಯರೋ ಮನಶ್ಶಾಸ್ತ್ರಜ್ಞರೋ ಸಮ್ಮೋಹನವನ್ನು ಪ್ರಯೋಗಿಸಿದರೆ ಅದು ಹಲ್ಲಿನ ಕವಚಕ್ಕೆ ಒಳ್ಳೆಯ ಜೊತೆಯಾದೀತು. ಒಂದೇ ಸಲಕ್ಕೆ ಖಂಡಿತ ಗುಣವೆಂದು ಜಾಹೀರಾತು ಕೊಡುವವರಿಂದ ದೂರವಿರುವುದೇ ಲೇಸು. ಕವಚ ಹಲ್ಲನ್ನು ಕಾಯಲಿ. ಹಗಲಿನ ಚಿಂತೆಯನ್ನು ಹಾಸಿಗೆಗೆ ಒಯ್ಯದಿರುವುದನ್ನು ಮನಸ್ಸು ಕಲಿಯಲಿ.