ಬೋರಿನ ನೀರಿನಲ್ಲಿ ಯೂರಿಯಾದ ಲೆಕ್ಕ

ಇಂಡಿ ತಾಲ್ಲೂಕಿನ ಅಗರಖೇಡ ಭೀಮಾ ದಂಡೆಯ ಊರು. ನದಿ ದಂಡೆಯ ಈ ಭಾಗದಲ್ಲಿ ಕಬ್ಬು ಹೆಚ್ಚು. ಕಬ್ಬಿಗೆ ಸಾರಜನಕವೂ ಹೆಚ್ಚು ಬೇಕು. 45 ಕಿಲೋ ಯೂರಿಯಾ ಚೀಲದಲ್ಲಿರುವ ಸಾರಜನಕ ಸುಮಾರು 21 ಕಿಲೋ. ಅದರಲ್ಲಿ ಬೆಳೆಗೆ ದಕ್ಕುವುದು ಹೆಚ್ಚಾಗಿ ಅರ್ಧಕ್ಕಿಂತ ಕಡಿಮೆ.

ಉಳಿದದ್ದು ಎತ್ತ ಹೋಗುತ್ತದೆ? ಮೇಲೆ ಚೆಲ್ಲಿ ಬಿಟ್ಟ ಯೂರಿಯಾದ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಇನ್ನೊಂದು ಪಾಲನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ. ಎರೆಮಣ್ಣಿನ ಜೇಡಿ ಕಣಗಳದು ಋಣ ವಿದ್ಯುದಂಶ, ನೈಟ್ರೇಟಿನದೂ ಅದೇ. ಹಾಗಾಗಿ ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳದು. ನೀರು ಇಳಿದಲ್ಲಿಗೆ ಅದೂ ಇಳಿಯುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಬಾಯಿಬಿಟ್ಟಾಗ ಮುಂಗಾರಿನ ಮೊದಲ ಮಳೆಗೆ ಆ ಬಿರುಕುಗಳೇ ದಾರಿ. ತಿಪ್ಪೆ, ಶೌಚಗುಂಡಿಗಳಿಂದಲೂ ನೈಟ್ರೇಟ್ ಅಂತರ್ಜಲಕ್ಕೆ ಬಂದು ಸೇರುತ್ತದೆ.

ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ನಮ್ಮ ದೇಶದ ಮಿತಿ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಂತೆ ದೇಶದ 440 ಜಿಲ್ಲೆಗಳಲ್ಲಿ ಈ ಮಿತಿ ಮೀರಿದ ಮಾದರಿಗಳು ಸಿಕ್ಕಿವೆ. ಹೆಚ್ಚು ಬಾಧಿತ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇದೆ. ನೈಟ್ರೇಟಿನ ದೊಡ್ಡ ಅಪಾಯ ಎಳೆಗೂಸುಗಳಿಗೆ: ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮಗುವಿನ ಮೈ ನೀಲಿಗಟ್ಟುತ್ತದೆ. ಅಮೆರಿಕದ ವೈದ್ಯ ಹಂಟರ್ ಕಾಮ್ಲಿ 1945ರಲ್ಲೇ ಇದನ್ನು ಬಾವಿ ನೀರಿನ ನೈಟ್ರೇಟಿಗೆ ಜೋಡಿಸಿ ತೋರಿಸಿದ್ದರು. ನೀರು ಕಾಯಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಕಾಯಿಸಿ ಆರಿಸಿ ಕುಡಿಸುವ ತಾಯಂದಿರಿಗೆ ಈ ಮಾತು ತಲುಪಲೇಬೇಕು.

ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆಯೇ ಅದಕ್ಕೆ ಬಣ್ಣ ಕೊಡಬೇಕು. ಸತುವಿನ ಪುಡಿ ಅಥವಾ ಕ್ಯಾಡ್ಮಿಯಂ ಅದನ್ನು ನೈಟ್ರೈಟ್ ಆಗಿ ಬದಲಿಸುತ್ತದೆ. ಬಳಿಕ ಸೇರಿಸುವ ರಾಸಾಯನಿಕ ನೈಟ್ರೈಟಿನೊಡನೆ ಕೂಡಿ ಗುಲಾಬಿ ಬಣ್ಣ ತರುತ್ತದೆ. ಬಣ್ಣ ಗಾಢವಾದಷ್ಟೂ ನೈಟ್ರೇಟ್ ಹೆಚ್ಚು. ಜಲಜೀವನ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಸಿಗಬೇಕು. ಫಲಿತಾಂಶ ಓದುವಾಗ ಒಂದು ಎಚ್ಚರ: ಕೆಲವು ಕಿಟ್‌ಗಳು ನೈಟ್ರೇಟನ್ನಲ್ಲ, ಅದರೊಳಗಿನ ಸಾರಜನಕವನ್ನಷ್ಟೇ ಹೇಳುತ್ತವೆ. ಆ ಲೆಕ್ಕದಲ್ಲಿ 45ರ ಮಿತಿ ಸುಮಾರು 10 ಆಗುತ್ತದೆ. ಇದು ತಿಳಿಯದೆ ಹೋದರೆ ಕೆಟ್ಟ ನೀರು ಒಳ್ಳೆಯದೆಂದು ಬರೆಸಿಕೊಳ್ಳುತ್ತದೆ.

ನೀರಿಗೆ ಇಳಿಯುವ ಮೊದಲೇ, ಹೊಲದಲ್ಲೇ ಅಳೆಯುವುದು ಇನ್ನೂ ಮೇಲು. ಸಾರಜನಕ ಸಾಲದ ಎಲೆಯಲ್ಲಿ ಪತ್ರಹರಿತ್ತು ಕಡಿಮೆ. ಸ್ಪ್ಯಾಡ್ ಮೀಟರ್ ಎಲೆಯ ಮೂಲಕ ಕೆಂಪು ಮತ್ತು ಅವಕೆಂಪು ಬೆಳಕು ಹಾಯಿಸಿ ಅದನ್ನು ಅಳೆಯುತ್ತದೆ. ಸೆಂಟಿನೆಲ್-2 ಉಪಗ್ರಹ ಜೋಡಿ ಸುಮಾರು ಐದು ದಿನಕ್ಕೊಮ್ಮೆ ಬೆಳೆಯ ಹಸಿರನ್ನು ಮೇಲಿನಿಂದ ನೋಡುತ್ತದೆ. ಅಗ್ಗದ ಸಾಧನ ಮಾತ್ರ ಎಲೆಬಣ್ಣದ ಪಟ್ಟಿ. ಭತ್ತ, ಗೋಧಿ, ಗೋವಿನಜೋಳದ ಎಲೆಯನ್ನು ಪಟ್ಟಿಯ ಹಸಿರು ಗೆರೆಗಳ ಪಕ್ಕ ಹಿಡಿದು ನೋಡಿದರೆ ಈಗ ಗೊಬ್ಬರ ಬೇಕೋ ಬೇಡವೋ ತಿಳಿಯುತ್ತದೆ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ನಿಮ್ಮ ಬೋರಿನ ನೀರನ್ನು ಪರೀಕ್ಷೆ ಮಾಡಿಸಿ. ಮನೆಯಲ್ಲಿ ಹಸುಗೂಸಿದ್ದರೆ ಮಳೆಗಾಲದವರೆಗೂ ಕಾಯದೆ ಈ ವಾರವೇ ಪಂಚಾಯಿತಿಗೆ ಹೋಗಿ ಕಿಟ್ ಕೇಳಿ.