ಗಂಧರ್ವಲೋಕದಿಂದ ಕೋನಪ್ಪನ ಅಗ್ರಹಾರಕ್ಕೆ

ಕಾದಂಬರಿ ಎಂದರೆ ಇಂದು ನಮಗೆ ಒಂದು ಸಾಹಿತ್ಯ ಪ್ರಕಾರ. ಆದರೆ ಮೂಲತಃ ಅದು ಒಬ್ಬ ಗಂಧರ್ವ ಕನ್ಯೆಯ ಹೆಸರು. 7ನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟ ಸಂಸ್ಕೃತ ಗದ್ಯದಲ್ಲಿ ಬರೆದ ಕತೆಯ ನಾಯಕಿ ಅವಳು. 10ನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮ ಆ ಕತೆಯನ್ನು ಚಂಪೂ ರೂಪದಲ್ಲಿ ಕನ್ನಡಕ್ಕೆ ತಂದ. ಅಚ್ಚಗನ್ನಡ ನಾಡಿನ ಸಂಸಾರ, ಸಾಲ, ಜಗಳಗಳನ್ನು ಹೇಳುವ ಪುಸ್ತಕಕ್ಕೂ ನಾವು ಈ ಮಾಯಾಲೋಕದ ಹುಡುಗಿಯ ಹೆಸರನ್ನೇ ಇಟ್ಟಿದ್ದೇವೆ. ಮರಾಠಿಗರು ಮಾಡಿದ್ದೂ ಇದನ್ನೇ.

ಬಾಣನ ಕತೆಯಲ್ಲಿ ಗಿಳಿ ಮಾತನಾಡುತ್ತದೆ, ಚಂದ್ರ ಶಾಪಕ್ಕೆ ಸಿಕ್ಕಿ ಭೂಮಿಯಲ್ಲಿ ಹುಟ್ಟುತ್ತಾನೆ, ಸತ್ತವನು ಪ್ರಿಯತಮೆಯ ಸ್ಪರ್ಶದಿಂದ ಎದ್ದು ಕೂರುತ್ತಾನೆ. ಅಲ್ಲಿ ಗಂಟು ಬೀಳುವುದು ಶಾಪದಿಂದ. ಅದು ಬಿಚ್ಚಿಕೊಳ್ಳುವುದು ಶಾಪ ತೀರಿದಾಗ. ಅದ್ಭುತ ಕಥೆಗಳ ಮೂಲ ಸೂತ್ರವೇ ಇದು. ಬೇರೆ ಪ್ರಕಾರಗಳಿಗೆ ಹೊರಳುವುದೆಂದರೆ ಈ ಸೂತ್ರವನ್ನು ಬಿಟ್ಟು ಇನ್ನೊಂದನ್ನು ಹುಡುಕುವುದು.

ಕನ್ನಡದಲ್ಲಿ ಈ ಹುಡುಕಾಟದ ಹೆಜ್ಜೆಗಳು ಸ್ಪಷ್ಟವಾಗಿಯೇ ಕಾಣುತ್ತವೆ. 1823ರಲ್ಲಿ ಕೆಂಪುನಾರಾಯಣ ಬರೆದ 'ಮುದ್ರಾಮಂಜೂಷ'ದಲ್ಲಿ ಕತೆಯನ್ನು ಮುಖ್ಯವಾಗಿ ನಡೆಸುವುದು ಚಾಣಕ್ಯನ ತಂತ್ರ, ಗೂಢಚಾರರು ಮತ್ತು ಒಂದು ಮುದ್ರೆಯುಂಗುರ. ದೇವರ ವರಕ್ಕಿಂತ ಮನುಷ್ಯನ ಬುದ್ಧಿಗೆ ಇಲ್ಲಿ ಹೆಚ್ಚು ಕೆಲಸ. ಮುಂದೆ ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಿಸಿದರು. ಗಳಗನಾಥರು ಇತಿಹಾಸದ ಕತೆಗಳನ್ನು ಮನೆಮನೆಗೆ ಮುಟ್ಟಿಸಿದರು.

ದೊಡ್ಡ ಹೊರಳು ಬಂದದ್ದು 1899ರಲ್ಲಿ, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯಿಂದ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಇಂದಿರೆಯನ್ನು ಉದ್ಧರಿಸಲು ಯಾವ ಋಷಿಯೂ ಬರುವುದಿಲ್ಲ. ಅವಳು ತಾನೇ ಮನೆ ಬಿಟ್ಟು ಹೊರಬರಬೇಕು, ಓದಬೇಕು, ಮರುಮದುವೆಗೆ ಮನಸ್ಸು ಮಾಡಬೇಕು. ಶಾಪವಾದರೆ ಕಾಲ ಬಂದಾಗ ತಾನಾಗಿ ತೀರುತ್ತದೆ. ಕಟ್ಟುಪಾಡು ಹಾಗೆ ತೀರುವುದಿಲ್ಲ, ಅದನ್ನು ಯಾರಾದರೂ ಮುರಿಯಲೇಬೇಕು. ಸಾಮಾಜಿಕ ಕಾದಂಬರಿಯ ಜೀವ ಇರುವುದು ಈ ವ್ಯತ್ಯಾಸದಲ್ಲಿ.

ಪ್ರತಿ ಪ್ರಕಾರಕ್ಕೂ ಹೀಗೆ ತನ್ನದೇ ಕರಾರು ಉಂಟು. ಐತಿಹಾಸಿಕ ಕಾದಂಬರಿಕಾರ ಇಸವಿಗಳಿಗೆ ತಲೆಬಾಗಬೇಕು. ಪತ್ತೇದಾರಿ ಕತೆಗಾರ ಕೊಲೆಗಾರನ ಸುಳಿವನ್ನು ಓದುಗನ ಕಣ್ಣೆದುರೇ ಇಟ್ಟಿರಬೇಕು. ಕೊನೆಯ ಪುಟದಲ್ಲಿ ದೆವ್ವವನ್ನು ಕರೆತಂದರೆ ಅದು ಮೋಸ. ವಿಜ್ಞಾನ ಕಥೆಗಾರನಿಗೆ ಒಂದು ಅಚ್ಚರಿಗೆ ಪರವಾನಗಿ ಇದೆ. ಆಮೇಲಿನದೆಲ್ಲ ನಿಯಮದಂತೆ ನಡೆಯಬೇಕು.

ಹಾಗಾದರೆ ಅದ್ಭುತವನ್ನು ಪೂರ್ತಿ ಕೈಬಿಡಬೇಕೆ? ಬೇಕಿಲ್ಲ ಎಂಬುದಕ್ಕೆ ಪೂರ್ಣಚಂದ್ರ ತೇಜಸ್ವಿಯವರೇ ಸಾಕ್ಷಿ. 1980ರ 'ಕರ್ವಾಲೊ'ದಲ್ಲಿ ವಿಜ್ಞಾನಿ, ರೈತ, ಜೇನು ಹಿಡಿಯುವ ಮಂದಣ್ಣ ಎಲ್ಲರೂ ಸೇರಿ ಹುಡುಕುವುದು ಒಂದು ಹಾರುವ ಓತಿಯನ್ನು. ಹಳೆಯ ಕತೆಯ ರಾಜಕುಮಾರ ಮಾಯಾಪಕ್ಷಿಯನ್ನು ಅರಸುತ್ತ ಹೊರಟಂತೆಯೇ ಇದೂ. ಆದರೆ ದಾರಿಯುದ್ದಕ್ಕೂ ಜಿಗಣೆ, ಮಳೆ, ಹಳ್ಳಿಯ ಕೋರ್ಟು ವ್ಯಾಜ್ಯಗಳು ಎದುರಾಗುತ್ತವೆ. 1985ರ 'ಚಿದಂಬರ ರಹಸ್ಯ'ದಲ್ಲಿ ಪತ್ತೇದಾರಿಯ ಚೌಕಟ್ಟಿನೊಳಗೆ ಒಂದು ಊರಿನ ಜಾತಿ, ದ್ವೇಷ, ಏಲಕ್ಕಿ ಬೆಳೆಯ ಅವನತಿಯೆಲ್ಲ ಹಿಡಿಸಿವೆ.

ಈ ಮಾತು ಬೆಂಗಳೂರಿನ ಹೊರವಲಯಕ್ಕೆ ಇಂದು ತುಂಬ ಸಲ್ಲುತ್ತದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಸಿಟಿ ಮೊದಲಾಯಿತು. 1882ರಲ್ಲಿ ಆಂಗ್ಲೋ ಇಂಡಿಯನ್ನರ ಒಕ್ಕಲು ಊರಾಗಿ ಹುಟ್ಟಿದ ವೈಟ್‌ಫೀಲ್ಡ್ ಈಗ ಸಾಫ್ಟ್‌ವೇರ್ ನಗರಿ. ಪೀಣ್ಯದಲ್ಲಿ ಲೇತು ಯಂತ್ರಗಳ ಸದ್ದು. ರಾಗಿ ಹೊಲವಿದ್ದಲ್ಲಿ ಒಂದೇ ತಲೆಮಾರಿನಲ್ಲಿ ಗಾಜಿನ ಮಹಲು ಎದ್ದದ್ದನ್ನು ಕಂಡವರಿಗೆ ಇದು ಗಂಧರ್ವನಗರಿಯಂತೆಯೇ ತೋರಬಹುದು. ಅದನ್ನು ಹಾಗೆಯೇ ಬರೆದುಬಿಡುವುದು ಸುಲಭ. ಆದರೆ ಆ ಮಹಲು ಮಂತ್ರದಿಂದ ಎದ್ದದ್ದಲ್ಲ. ಅದರ ಅಡಿಯಲ್ಲಿ ಪಹಣಿ, ಪರಿಹಾರ, ಅಣ್ಣತಮ್ಮಂದಿರ ವ್ಯಾಜ್ಯಗಳಿವೆ. ಒಳಗೆ ರಾತ್ರಿ ಪಾಳಿಯವರ ನಿದ್ದೆಗೆಟ್ಟ ಕಣ್ಣುಗಳಿವೆ. ಮಾಯೆಯ ಕತೆಯಲ್ಲಿ ಹೊಲ ಕಳೆದುಕೊಂಡವನ ಹೆಸರು ಅಳಿಸಿಹೋಗುತ್ತದೆ. ಆ ಹೆಸರನ್ನು ಉಳಿಸಲು ಇತಿಹಾಸ, ಪತ್ತೇದಾರಿ, ಸಂಸಾರದ ಕತೆ, ಎಲ್ಲ ಪ್ರಕಾರಗಳೂ ಬೇಕು. ಗಂಧರ್ವ ಕನ್ಯೆಯ ಹೆಸರು ಹೊತ್ತ ನಮ್ಮ ಕಾದಂಬರಿ ಒಮ್ಮೆ ಇಂದಿರಾಬಾಯಿಯ ಮನೆಯವರೆಗೆ ನಡೆದು ಬಂದಿದೆ. ಪೀಣ್ಯದ ಬಾಡಿಗೆ ವಠಾರ ಅಲ್ಲಿಂದ ಬಹಳ ದೂರವೇನಲ್ಲ.