ನಡುವಿನ ಹಾಳೆ

ಫ್ಲೋ ಬ್ಯಾಟರಿಯಲ್ಲಿ ವಿದ್ಯುತ್ತನ್ನು ಹಿಡಿದಿಡುವುದು ಎರಡು ಟ್ಯಾಂಕುಗಳಲ್ಲಿರುವ ದ್ರವ. ಪಂಪುಗಳು ಅದನ್ನು ಸೆಲ್‌ಗೆ ಹರಿಸಿ ವಾಪಸ್ ಒಯ್ಯುತ್ತವೆ. ಹೆಚ್ಚು ಹೊತ್ತು ಕರೆಂಟು ಬೇಕೆಂದರೆ ಟ್ಯಾಂಕು ದೊಡ್ಡದಾಗಬೇಕು, ಅಷ್ಟೆ. ಈ ದ್ರವದಲ್ಲಿ ಬಹುಕಾಲ ನಡೆದುಬಂದದ್ದು ವನೇಡಿಯಂ, ದುಬಾರಿ ಲೋಹ. 2014ರಲ್ಲಿ ಹಾರ್ವರ್ಡ್‌ನ ಮೈಕೆಲ್ ಅಝೀಜ್ ಮತ್ತು ರಾಯ್ ಗಾರ್ಡನ್ ತಂಡ, ನೀರಿನಲ್ಲಿ ಕರಗುವ ಕ್ವಿನೋನ್ ಎಂಬ ಸಾವಯವ ಸಂಯುಕ್ತದಿಂದಲೂ ಈ ಕೆಲಸ ಆಗುತ್ತದೆಂದು ತೋರಿಸಿತು.

ಸುದ್ದಿಯಾದದ್ದು ಕ್ವಿನೋನ್. ನನಗೆ ಹೆಚ್ಚು ಕುತೂಹಲವಿರುವುದು ಸೆಲ್‌ನೊಳಗೆ ಎರಡು ದ್ರವಗಳ ನಡುವೆ ನಿಲ್ಲುವ ತೆಳು ಪೊರೆಯ ಬಗ್ಗೆ. ಸಾವಯವ ಅಣುಗಳು ಅತ್ತಿಂದಿತ್ತ ದಾಟಕೂಡದು. ಪೊಟ್ಯಾಸಿಯಂ, ಸೋಡಿಯಂನಂಥ ಅಯಾನುಗಳು ಮಾತ್ರ ಸರಾಗವಾಗಿ ದಾಟಬೇಕು. ಬಿಗಿ ಮಾಡಿದರೆ ಅಯಾನುಗಳೂ ತಡೆದು ನಿಲ್ಲುತ್ತವೆ, ಸಡಿಲಿಸಿದರೆ ಅಣು ಸೋರುತ್ತದೆ. 1960ರ ದಶಕದಲ್ಲಿ ಡ್ಯುಪಾಂಟ್‌ನ ವಾಲ್ಥರ್ ಗ್ರೋಟ್ ರೂಪಿಸಿದ ನಾಫಿಯಾನ್ ಇವತ್ತಿಗೂ ಹೋಲಿಕೆಯ ಅಳತೆಗೋಲು. ಗಟ್ಟಿಮುಟ್ಟು, ಆದರೆ ಬೆಲೆ ಜಾಸ್ತಿ. ಪೊಟ್ಯಾಸಿಯಂ ಇರುವ ಕ್ಷಾರ ದ್ರಾವಣದಲ್ಲಂತೂ ಸೆಲ್‌ನ ಪ್ರತಿರೋಧದ ದೊಡ್ಡ ಪಾಲು ಅದರದೇ.

ಬೇರೆ ದಾರಿ ಬಂದದ್ದು ಅನಿಲ ಬೇರ್ಪಡಿಸುವವರಿಂದ. ನೀಲ್ ಮೆಕ್ಯೂನ್ ಮತ್ತು ಪೀಟರ್ ಬಡ್ ಮ್ಯಾಂಚೆಸ್ಟರ್‌ನಲ್ಲಿ ತಯಾರಿಸಿದ ‘ಪಿಮ್’ ಪಾಲಿಮರ್‌ಗಳ ಸರಪಳಿ ಸೆಟೆದುಕೊಂಡು ತಿರುಚಿರುತ್ತದೆ. ಒತ್ತೊತ್ತಾಗಿ ಕೂರಲಾರದೆ ನಡುವೆ ಒಂದು ನ್ಯಾನೋಮೀಟರಿಗೂ ಕಿರಿದಾದ ಸಂದುಗಳು ಉಳಿಯುತ್ತವೆ. ಈ ಪಾಲಿಮರ್‌ಗಳು ನೀರನ್ನು ಒಲ್ಲವು ಎನ್ನುವುದೇ ತೊಡಕಾಗಿತ್ತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಚಿಲೇಯ್ ಸಾಂಗ್ ತಂಡ ಮೆಕ್ಯೂನ್ ಜೊತೆಗೂಡಿ, ಸರಪಳಿಗೆ ನೀರನ್ನು ಸೆಳೆಯುವ ಅಮಿಡಾಕ್ಸಿಮ್ ಗುಂಪುಗಳನ್ನು ಜೋಡಿಸಿತು. 2020ರಲ್ಲಿ ಅದರ ವರದಿ ಪ್ರಕಟವಾಯಿತು. ಸಂದು ಕಿರಿದಾಗಿಯೇ ಇತ್ತು, ಅಯಾನುಗಳಿಗೆ ಬೇಕಾದ ನೀರೂ ಒಳಗೆ ಬಂತು.

ಈ ಪೊರೆಯ ಹಾಳೆ ಮಾಡುವುದು ಮಾತ್ರ ಕೈಕೆಲಸದ ಹಾಗೇ ಇದೆ. ಪಾಲಿಮರನ್ನು ದ್ರಾವಕದಲ್ಲಿ ಕರಗಿಸಿ, ಸಂಡಿಗೆ ಹಿಟ್ಟಿನಂತೆ ಗಾಜಿನ ಮೇಲೆ ತೆಳ್ಳಗೆ ಹರಡಿ, ದ್ರಾವಕ ನಿಧಾನ ಆರಿದ ಮೇಲೆ ಬಿಡಿಸಿಕೊಳ್ಳಬೇಕು. ಅವಸರ ಮಾಡಿದರೆ ತೂತು, ಬಿರುಕು.

ಸೋರಿಕೆಯ ಪರೀಕ್ಷೆಗೆ ಎರಡು ಗಾಜಿನ ಕೋಣೆಗಳ ನಡುವೆ ಹಾಳೆಯನ್ನು ಬಿಗಿಯುತ್ತಾರೆ. ಒಂದರಲ್ಲಿ ಕ್ವಿನೋನ್ ದ್ರಾವಣ, ಇನ್ನೊಂದರಲ್ಲಿ ಬರಿಯ ಉಪ್ಪುನೀರು. ದಾಟಿಬಂದ ಕ್ವಿನೋನ್ ಬೆಳಕು ಹೀರುವುದರಿಂದ, ಆ ಉಪ್ಪುನೀರು ಎಷ್ಟು ಬೆಳಕು ಹೀರುತ್ತದೆಂದು ದಿನಗಟ್ಟಲೆ ಅಳೆಯುತ್ತಾರೆ. ಇದಿಲ್ಲದೆ ತೀರ್ಮಾನ ಕಷ್ಟ: ಬ್ಯಾಟರಿಯ ಸಾಮರ್ಥ್ಯ ಕುಸಿದರೆ ಅಣು ಸೋರಿತೋ, ಇದ್ದಲ್ಲೇ ಒಡೆದುಹೋಯಿತೋ ಹೊರಗಿನಿಂದ ತಿಳಿಯದು. ಸೋರಿದ್ದರೆ ತಪ್ಪು ಹಾಳೆ ಮಾಡಿದವರದು. ಒಡೆದಿದ್ದರೆ ಅಣು ಕಟ್ಟಿದವರದು.